ಬೆಂಚಿನ ಮೇಲೆ ಸರಿಯಿದ್ದ ಫೋನ್

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಲ್ಯಾಪ್‌ಟಾಪ್, ಮೊಬೈಲ್ ದುರಸ್ತಿ ಮಾಡುವ ಸಣ್ಣ ಅಂಗಡಿಯೊಂದರಲ್ಲಿ ನಾನು ಕೆಲಸಕ್ಕಿದ್ದೇನೆ. ಸೇರಿ ಹನ್ನೊಂದು ವರ್ಷವಾಯಿತು. ನಮ್ಮಲ್ಲಿಗೆ ದುಬಾರಿ ಸಾಮಾನು ಬರುವುದು ಅಪರೂಪ. ಹತ್ತು ಹನ್ನೆರಡು ಸಾವಿರದ ಫೋನ್, ಮಗಳ ಡಿಗ್ರಿಗೆಂದು ಸಾಲ ಮಾಡಿ ಕೊಂಡ ಲ್ಯಾಪ್‌ಟಾಪ್, ಬೆಂಗಳೂರಿನ ಅಣ್ಣ ಬಳಸಿ ಸಾಕಾಗಿ ಊರಿಗೆ ಕಳುಹಿಸಿದ ಹಳೆಯ ಯಂತ್ರ, ಇಂಥವೇ ಹೆಚ್ಚು. ಇವುಗಳನ್ನು ತಂದವರಿಗೆ ಹೊಸದು ಕೊಳ್ಳುವ ಮಾತೇ ಇರುವುದಿಲ್ಲ. ಇನ್ನೆರಡು ವರ್ಷ ನಡೆದರೆ ಸಾಕು ಎನ್ನುತ್ತಾರೆ.

ಐದಾರು ವರ್ಷದ ಹಿಂದೆ ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನಿಂದಾಚೆಯ ಹಳ್ಳಿಯ ಅಡಿಕೆ ಬೆಳೆಗಾರರೊಬ್ಬರು ತಮ್ಮ ಫೋನ್ ತಂದರು. ಬೆಳಿಗ್ಗೆ ಪೂರ್ತಿ ಚಾರ್ಜ್ ಮಾಡಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಖಾಲಿ. ಮೂರು ವರ್ಷದ ಫೋನ್, ಬ್ಯಾಟರಿ ಸವೆದಿರಬೇಕು ಎಂದುಕೊಂಡೆ. ಅದು ತಪ್ಪು ಊಹೆ ಎಂದು ಈಗಲೂ ಹೇಳಲಾರೆ, ಬಹಳಷ್ಟು ಸಲ ಅದೇ ಕಾರಣ. ಹೊಸ ಬ್ಯಾಟರಿ ಹಾಕಿ ರಾತ್ರಿಯಿಡೀ ಬೆಂಚಿನ ಮೇಲೆ ಬಿಟ್ಟೆ. ಬೆಳಿಗ್ಗೆ ನೋಡಿದರೆ ನೂರರಲ್ಲಿ ನಾಲ್ಕು ಮಾತ್ರ ಇಳಿದಿತ್ತು. ಹೆಮ್ಮೆಯಿಂದಲೇ ಕೊಟ್ಟು ಕಳುಹಿಸಿದೆ.

ಎಂಟು ದಿನಕ್ಕೆ ಅವರು ಮತ್ತೆ ಬಂದರು. ಎರಡೂವರೆ ಗಂಟೆಯ ಬಸ್ಸು, ಹೊರಗೆ ಜಡಿಮಳೆ, ಕಂಕುಳಲ್ಲಿ ನೀರಿಳಿಯುವ ಕೊಡೆ. ಫೋನ್ ಹಾಗೆಯೇ ಇತ್ತು, ಮಧ್ಯಾಹ್ನಕ್ಕೆ ಖಾಲಿ. ಮೊಮ್ಮಕ್ಕಳು ವಿಡಿಯೊ ನೋಡುತ್ತಿರಬೇಕು ಎಂದು ನನ್ನ ಮನಸ್ಸಿಗೆ ಬಂದದ್ದು ನಿಜ. ಬಾಯಲ್ಲಿ ಹೇಳಲಿಲ್ಲ, ಆದರೆ ಮುಖ ಹೇಳಿರಬಹುದು. ಸೆಟ್ಟಿಂಗ್ಸ್ ತೆರೆದು ಬ್ಯಾಟರಿ ಎಲ್ಲಿ ಖರ್ಚಾಗಿದೆ ಎಂದು ನೋಡಿದೆ. ಪರದೆ ಬೆಳಗಿದ್ದದ್ದು ದಿನಕ್ಕೆ ಒಂದು ಗಂಟೆಯೂ ಇಲ್ಲ. ಪಟ್ಟಿಯ ಮೊದಲಿಗಿದ್ದದ್ದು ಮೊಬೈಲ್ ನೆಟ್‌ವರ್ಕ್.

ಆಗ ಕೇಳಿದೆ, ಮನೆಯಲ್ಲಿ ಫೋನ್ ಎಲ್ಲಿಡುತ್ತೀರಿ ಎಂದು.

"ಅಡುಗೆಮನೆಯ ಕಿಟಕಿಯಲ್ಲಿ ಒಂದು ಗೆರೆ ಸಿಗುತ್ತದೆ. ತೋಟಕ್ಕೆ ಇಳಿದರೆ ಅದೂ ಇಲ್ಲ. ಆದರೂ ಜೇಬಿನಲ್ಲೇ ಇಟ್ಟುಕೊಂಡಿರುತ್ತೇನೆ, ಯಾರಾದರೂ ಕರೆ ಮಾಡಿದರೆ ಇರಲಿ ಎಂದು."

ಎದುರಿಗಿದ್ದವರ ಜೊತೆ ಮಾತಾಡಲು ಪಿಸುಗುಟ್ಟಿದರೂ ಸಾಕು. ತೋಟದಾಚೆಯ ಗುಡ್ಡದಲ್ಲಿರುವವರನ್ನು ಕರೆಯಲು ಎದೆ ತುಂಬಾ ಉಸಿರೆಳೆದು ಕೂ ಹಾಕಬೇಕು. ಫೋನ್ ಮಾಡುವುದೂ ಅದನ್ನೇ. ಟವರ್ ಹತ್ತಿರವಿದ್ದರೆ ಅದರ ರೇಡಿಯೊ ಕಡಿಮೆ ಶಕ್ತಿಯಲ್ಲಿ ಮಾತಾಡುತ್ತದೆ. ದೂರವಾದಷ್ಟೂ ಶಕ್ತಿ ಹೆಚ್ಚಿಸುತ್ತದೆ. ಸಿಗ್ನಲ್ ಪೂರ್ತಿ ತಪ್ಪಿತೋ, ಮತ್ತೆ ಮತ್ತೆ ಎಲ್ಲ ತರಂಗಾಂತರಗಳಲ್ಲೂ ಟವರ್ ಹುಡುಕುತ್ತದೆ. ದುರ್ಗಿಗುಡಿಯ ನನ್ನ ಬೆಂಚಿನ ಮೇಲೆ ಆ ಫೋನ್ ಹಾಯಾಗಿ ಮಲಗಿತ್ತು, ಕಣಿವೆಗೆ ಇಳಿದೊಡನೆ ದಿನವಿಡೀ ಕೂಗುತ್ತಿತ್ತು. ನಾನು ಪರೀಕ್ಷಿಸಿದ್ದು ಫೋನನ್ನು ನಿಜ, ಆದರೆ ಅದು ಬದುಕುವ ಜಾಗದಲ್ಲಿ ಅಲ್ಲ.

ಪರಿಹಾರಕ್ಕೆ ಒಂದು ರೂಪಾಯಿಯೂ ಬೇಕಾಗಲಿಲ್ಲ. ಅವರ ಮನೆಗೆ ಕೇಬಲ್ ಇಂಟರ್ನೆಟ್ ಬಂದಿತ್ತು. ವೈಫೈ ಮೂಲಕವೇ ಕರೆ ಹೋಗುವ ಸೌಲಭ್ಯವನ್ನು ಫೋನಿನಲ್ಲಿ ಚಾಲೂ ಮಾಡಿದೆ. ತೋಟಕ್ಕೆ ಇಳಿಯುವಾಗ ಏರೋಪ್ಲೇನ್ ಮೋಡ್ ಹಾಕುವುದನ್ನು ತೋರಿಸಿಕೊಟ್ಟೆ. ಹೇಗೂ ಅಲ್ಲಿ ಕರೆ ಬರುವುದಿಲ್ಲವಲ್ಲ! ಬ್ಯಾಟರಿಯ ಹಣ ಹಿಂದಿರುಗಿಸುವ ಮಾತೆತ್ತಿದಾಗ ನಮ್ಮ ಮಾಲೀಕರು ಕ್ಯಾಲೆಂಡರ್ ನೋಡತೊಡಗಿದರು. ಕೂಲಿಯ ಮುನ್ನೂರು ಮಾತ್ರ ವಾಪಸು ಕೊಟ್ಟೆವು.

ಅಂದಿನಿಂದ, ದುರಸ್ತಿಗೆ ಬಂದ ಸಾಮಾನಿನ ವಿವರ ಬರೆಯುವ ಜಾಬ್ ಕಾರ್ಡಿನಲ್ಲಿ "ತೊಂದರೆ ಏನು" ಎಂಬುದರ ಕೆಳಗೆ "ಎಲ್ಲಿ ಇಡುತ್ತೀರಿ" ಎಂದು ಪೆನ್ನಿನಲ್ಲಿ ಬರೆದುಕೊಳ್ಳಲು ಶುರು ಮಾಡಿದೆ. ಮಾಲೀಕರು ನಕ್ಕರು. ಜನಗಣತಿಗೆ ಹೋಗು ಎಂದರು.

ಆದರೆ ಆ ಸಾಲು ಎಷ್ಟು ಸುಳಿವು ಕೊಡುತ್ತದೆಂದರೆ ನನಗೇ ಅಚ್ಚರಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುತ್ತದೆ. ಶಿವಮೊಗ್ಗ ನಗರಕ್ಕೆ ಬೀಳುವುದು ಅದರ ಸಣ್ಣ ಪಾಲು. ಆಷಾಢದಲ್ಲಿ ಘಟ್ಟದ ಅಂಚಿನ ಮನೆಗಳಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಚೀಲದೊಳಗಿಟ್ಟ ಲ್ಯಾಪ್‌ಟಾಪ್ ಯಾವ ಲೆಕ್ಕ? ತೀರ್ಥಹಳ್ಳಿ ಕಡೆಯಿಂದ ಬಂದ ಯಂತ್ರದ ಮುಚ್ಚಳ ತೆಗೆದರೆ ಚಾರ್ಜಿಂಗ್ ಪಿನ್ನಿನ ಬುಡದಲ್ಲಿ ಹಸಿರು ಕಿಲುಬು ಕಾಣಿಸುವುದು ಹೊಸತಲ್ಲ. ಬ್ರಷ್ಷು, ಐಸೊಪ್ರೊಪೈಲ್ ಆಲ್ಕೋಹಾಲ್, ಹತ್ತು ನಿಮಿಷದ ತಾಳ್ಮೆ, ಅರ್ಧ ದೂರು ಅಲ್ಲೇ ಮುಗಿಯುತ್ತದೆ. ಮಳೆಗಾಲದಲ್ಲಿ ದಿನಕ್ಕೆ ಒಂದು ಗಂಟೆಯಾದರೂ ಲ್ಯಾಪ್‌ಟಾಪ್ ಚಾಲೂ ಇಡಿ ಎಂದು ಹೇಳಿ ಕಳುಹಿಸುತ್ತೇನೆ, ಅದರ ಬಿಸಿಯೇ ಅದನ್ನು ಒಣಗಿಸುತ್ತದೆ.

ಒಮ್ಮೆ ಒಂದು ಫೋನ್ ಕಂದು ಬಣ್ಣಕ್ಕೆ ತಿರುಗಿ ಬಂದಿತ್ತು. ಹಿಂಬದಿ ಬಿಚ್ಚಿದರೆ ಬೋರ್ಡಿನ ತುಂಬ ಒಣಗಿದ ಅಂಟು ಕಲೆ, ಒಗರು ವಾಸನೆ. ಮಲೆನಾಡಿನವರಿಗೆ ಆ ವಾಸನೆ ಹೇಳಿಕೊಡಬೇಕಾಗಿಲ್ಲ, ಅಡಿಕೆ ಬೇಯಿಸಿದ ಚೊಗರು. ಸುಗ್ಗಿಯ ಗಡಿಬಿಡಿಯಲ್ಲಿ ಅಂಗಿ ಜೇಬಿನಿಂದ ಜಾರಿ, ಆರಲು ಬಿಟ್ಟ ಚೊಗರಿನ ಹಂಡೆಗೆ ಬಿದ್ದಿತ್ತಂತೆ. ಮನೆಯವರು ಎತ್ತಿ, ಒರೆಸಿ, ಅಕ್ಕಿ ಡಬ್ಬದಲ್ಲಿ ನಾಲ್ಕು ದಿನ ಹೂತಿಟ್ಟಿದ್ದರು. ದಿನಕ್ಕೊಮ್ಮೆ ತೆಗೆದು ಆನ್ ಮಾಡಿಯೂ ನೋಡಿದ್ದರು. ಅಕ್ಕಿ ಒಳಗಿನ ನೀರನ್ನು ಹೀರುವುದಿಲ್ಲ, ಹಿಟ್ಟಿನ ಧೂಳನ್ನು ಮಾತ್ರ ಕಿಂಡಿಯೊಳಗೆ ತುಂಬುತ್ತದೆ. ಫೋನನ್ನು ಕೊಂದದ್ದು ಹಂಡೆಯೂ ಅಲ್ಲ, ಆ ದಿನಕ್ಕೊಂದು ಸಲದ ಆನ್. ಒದ್ದೆಯಾದ ಬೋರ್ಡಿಗೆ ವಿದ್ಯುತ್ ಹರಿದರೆ ತಾಮ್ರ ಕೊರೆದುಹೋಗುತ್ತದೆ. ಬಿದ್ದ ದಿನವೇ ಆಫ್ ಮಾಡಿ, ಚಾರ್ಜಿಗೂ ಹಾಕದೆ ತಂದಿದ್ದರೆ ತೊಳೆದು ಉಳಿಸಬಹುದಿತ್ತು. ಫೋಟೊಗಳನ್ನಾದರೂ ತೆಗೆದುಕೊಡಿ ಎಂದರು. ಆಗಲಿಲ್ಲ.

ಲ್ಯಾಪ್‌ಟಾಪ್ ವಿಷಯದಲ್ಲಿ ಜನ ಬಾಯಿಬಿಟ್ಟರೆ ಕೇಳುವುದು ರ‍್ಯಾಮ್. ನಾನೂ ಮೊದಲ ಎರಡು ವರ್ಷ ಕೇಳಿದ್ದನ್ನೇ ಹಾಕಿಕೊಟ್ಟೆ. ನಾಲ್ಕು ಜಿಬಿ ಇದ್ದದ್ದನ್ನು ಎಂಟು ಮಾಡಿದರೂ ಯಂತ್ರ ತೆರೆದುಕೊಳ್ಳಲು ಐದು ನಿಮಿಷ. ಯಂತ್ರದ ಯಾವ ಭಾಗ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ನೋಡುವ ಅಭ್ಯಾಸ ಬಂದ ಮೇಲೆ ತಿಳಿಯಿತು, ಸುಮ್ಮನಿರುವಾಗಲೂ ಡಿಸ್ಕ್ ನೂರಕ್ಕೆ ನೂರು ಕೆಲಸದಲ್ಲೇ ಮುಳುಗಿರುತ್ತದೆ. ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿದ್ದದ್ದು ನಿಮಿಷಕ್ಕೆ 5,400 ಸುತ್ತು ತಿರುಗುವ ಹಾರ್ಡ್ ಡಿಸ್ಕ್. ಅದನ್ನು ತೆಗೆದು, ತಿರುಗುವ ಭಾಗವಿಲ್ಲದೆ ಚಿಪ್‌ನಲ್ಲೇ ಕಡತ ಇಡುವ ಸಾಟಾ ಎಸ್‌ಎಸ್‌ಡಿ ಹಾಕಿದರೆ ಹಳೆಯ ಯಂತ್ರವೂ ಅರ್ಧ ನಿಮಿಷದೊಳಗೆ ಏಳುತ್ತದೆ. ಕೆಲವರು ಆನ್‌ಲೈನ್‌ನಲ್ಲಿ ತಾವೇ ಕೊಂಡು ತರುತ್ತಾರೆ. ಎಸ್‌ಎಸ್‌ಡಿ ಸಿಕ್ಕಿಸುವ ಎಂ.2 ಎಂಬ ಒಂದೇ ಕಿಂಡಿಯಲ್ಲಿ ಸಾಟಾ, ಎನ್‌ವಿಎಂಇ ಎಂದು ಎರಡು ಜಾತಿ. ಕಿಂಡಿ ಸಾಟಾಕ್ಕೆ ಮಾತ್ರ ಇದ್ದರೆ ತಂದ ಎನ್‌ವಿಎಂಇಯನ್ನು ಯಂತ್ರ ಗುರುತಿಸುವುದೇ ಇಲ್ಲ. ಕೊಳ್ಳುವ ಮೊದಲು ಮುಚ್ಚಳ ಬಿಚ್ಚಿಸಿ ನೋಡುವುದು ಒಳ್ಳೆಯದು.

ಇಲ್ಲೂ ಆ ಸಾಲೇ ನನ್ನನ್ನು ಉಳಿಸಿತು. ಶಿಕ್ಷಕರೊಬ್ಬರ ಬಳಿ ಇದ್ದದ್ದು ನಾಲ್ಕು ಸಾವಿರ, ಬೇಕಾದದ್ದು 512 ಜಿಬಿ ಎಸ್‌ಎಸ್‌ಡಿ. ಎಲ್ಲಿ ಇಡುತ್ತೀರಿ ಎಂದರೆ, ಮೇಜಿನ ಮೇಲೆ, ಸದಾ ಚಾರ್ಜರ್ ಸಿಕ್ಕಿಸಿಯೇ, ಬ್ಯಾಟರಿ ಸತ್ತು ವರ್ಷವಾಯಿತು ಎಂದರು. ಅವರ ಊರಿನಲ್ಲಿ ಗಾಳಿಮಳೆಗೆ ಮರ ತಂತಿಯ ಮೇಲೆ ಬಿದ್ದು ಒಂದೇ ಸಂಜೆ ನಾಲ್ಕು ಸಲ ಕರೆಂಟ್ ಹೋಗುತ್ತದೆ. ಪ್ರತಿ ಸಲವೂ ಯಂತ್ರ ಬರೆಯುತ್ತಿದ್ದುದನ್ನು ನಡುವೆ ಬಿಟ್ಟು ಸಾಯುತ್ತದೆ, ಕಡತಗಳು ಕೆಡುವುದು ಹಾಗೆಯೇ. 256 ಜಿಬಿ ಎಸ್‌ಎಸ್‌ಡಿ ಹಾಕಿ ಉಳಿದ ಹಣದಲ್ಲಿ ಬ್ಯಾಟರಿ ಹಾಕೋಣ ಎಂದೆ. ಒಪ್ಪಲು ಅರ್ಧ ಗಂಟೆ ಬೇಕಾಯಿತು, ಬ್ಯಾಟರಿಗೆ ಕೊಟ್ಟ ಹಣ ಕಣ್ಣಿಗೆ ಕಾಣುವುದಿಲ್ಲವಲ್ಲ. ಗುಡುಗು ಶುರುವಾದರೆ ಚಾರ್ಜರ್ ಕಿತ್ತಿಡಿ ಎಂಬ ಮಾತನ್ನು ಬಿಟ್ಟಿಯಾಗಿ ಸೇರಿಸಿದೆ.

ಕೆಲವಕ್ಕೆ ಆಗುವುದಿಲ್ಲ ಎಂದು ಹೇಳಿಬಿಡಬೇಕು. ಕಡತ ಇಡುವ 32 ಜಿಬಿಯ ಇಎಂಎಂಸಿ ಚಿಪ್ಪನ್ನು ಬೋರ್ಡಿಗೇ ಬೆಸೆದ ಲ್ಯಾಪ್‌ಟಾಪ್‌ಗಳಲ್ಲಿ ಬದಲಿಸಲು ಏನೂ ಇರುವುದಿಲ್ಲ, ವಿಂಡೋಸ್‌ನ ದೊಡ್ಡ ಅಪ್‌ಡೇಟ್‌ಗೂ ಅಲ್ಲಿ ಜಾಗ ಸಾಲದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ಇಂಟೆಲ್‌ನ ಎಂಟನೇ ತಲೆಮಾರಿಗಿಂತ ಹಳೆಯ ಬಹುತೇಕ ಯಂತ್ರಗಳಿಗೆ ವಿಂಡೋಸ್ 11 ಅಧಿಕೃತವಾಗಿ ಸಲ್ಲುವುದಿಲ್ಲ. ಅಂಥವಕ್ಕೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ವ್ಯವಸ್ಥೆ ಹಾಕಿಕೊಡುತ್ತಿದ್ದೇನೆ. ಒಬ್ಬರು ಮಾತ್ರ ಮರುದಿನವೇ ಓಡಿ ಬಂದರು. ಸಂಘದ ಇಪ್ಪತ್ತು ವರ್ಷದ ನಡಾವಳಿ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಅಕ್ಷರದಲ್ಲಿತ್ತು. ಆ ಫಾಂಟ್ ಇಲ್ಲದೆ ತೆರೆದಾಗ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಕಾರ್ಡಿನಲ್ಲಿ "ಏನು ಟೈಪ್ ಮಾಡುತ್ತೀರಿ" ಎಂಬ ಇನ್ನೊಂದು ಸಾಲು ಸೇರಿತು.

ಈಗ ಕಾರ್ಡುಗಳನ್ನು ಹಿಂದಿರುಗಿ ಓದಿದರೆ ನಗು ಬರುತ್ತದೆ. ಬಚ್ಚಲಮನೆಯ ಗೂಡು. ದೇವರ ಕೋಣೆ, ದೀಪದ ಪಕ್ಕ. ಬೈಕ್ ಟ್ಯಾಂಕಿನ ಮೇಲೆ. ಹಾಸಿಗೆಯ ಮೇಲೆ, ಕಂಬಳಿಯೊಳಗೆ. ಇದನ್ನು ಹೇಳಿದವಳ ಲ್ಯಾಪ್‌ಟಾಪ್‌ನ ಫ್ಯಾನಿನಲ್ಲಿ ಕಂಬಳಿಯದೇ ಉಣ್ಣೆ ಸಿಕ್ಕಿತು.

ಹೋದ ತಿಂಗಳು ಆ ಅಡಿಕೆ ಬೆಳೆಗಾರರು ಮಗಳ ಲ್ಯಾಪ್‌ಟಾಪ್ ಹಿಡಿದು ಬಂದರು. ನಾನು ಪೆನ್ನು ಎತ್ತುವ ಮೊದಲೇ ಶುರು ಮಾಡಿದರು: "ಜಗುಲಿಯ ಮೇಜಿನ ಮೇಲೆ ಇಡುತ್ತಾಳೆ, ಮಳೆಯ ಇರಚಲು ಬೀಳುವುದಿಲ್ಲ. ಕರೆಂಟ್ ಹೋದರೆ ಮುಕ್ಕಾಲು ಗಂಟೆ ಬ್ಯಾಟರಿ ತಡೆಯುತ್ತದೆ. ವೈಫೈ ಇದೆ. ನುಡಿ ಬಳಸುವುದಿಲ್ಲ. ಅಕ್ಕಿಯಲ್ಲಿ ಇಟ್ಟಿಲ್ಲ." ಎಲ್ಲವನ್ನೂ ಬರೆದುಕೊಂಡು ಚೀಲ ತೆರೆದೆ. ಚಾರ್ಜರನ್ನು ಊರಿನಲ್ಲೇ ಮರೆತು ಬಂದಿದ್ದರು.