ದಕ್ಷಿಣ ದ್ವೀಪ ಸುತ್ತುವವರು ಮೊದಲು ಕೇಳಬೇಕಾದ್ದು ಮಳೆಯ ಸುದ್ದಿ

ನ್ಯೂಜಿಲೆಂಡ್ ನೋಡಲು ಊರಿಂದ ಹೊರಟವರು ಇಲ್ಲಿ ನೆಲೆಸಿರುವ ನಮ್ಮಂಥವರಿಗೆ ಕಳಿಸುವ ಪಟ್ಟಿ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ: ಹತ್ತು ದಿನ, ಎರಡೂ ದ್ವೀಪ, ದಿನಕ್ಕೊಂದು ಊರು. ಹಾಗೆ ಬರಬೇಡಿ. ಹನ್ನೆರಡು ದಿನವಿದ್ದರೂ ದಕ್ಷಿಣ ದ್ವೀಪ ಒಂದನ್ನೇ ಇಟ್ಟುಕೊಳ್ಳಿ, ಅದರಲ್ಲೂ ಎರಡು ದಿನ ಯಾವ ಕಾರ್ಯಕ್ರಮವೂ ಇಲ್ಲದೆ ಖಾಲಿ ಬಿಡಿ. ಯಾವ ದಿನ ಯಾವ ಬೆಟ್ಟ ಕಣ್ಣಿಗೆ ಬೀಳುತ್ತದೆ ಎಂಬುದು ಇಲ್ಲಿ ಪಡುವಣ ಗಾಳಿಯ ಮರ್ಜಿ.

ದ್ವೀಪದ ಉದ್ದಕ್ಕೂ ಸದರ್ನ್ ಆಲ್ಪ್ಸ್ ಪರ್ವತಸಾಲು ನಿಂತಿದೆ. ಟಾಸ್ಮನ್ ಸಮುದ್ರದ ತೇವ ಹೊತ್ತ ಗಾಳಿ ಅದಕ್ಕೆ ಬಡಿದು ಪಶ್ಚಿಮದ ಮಗ್ಗುಲಲ್ಲಿ ಮಳೆ ಸುರಿಸಿ, ಪೂರ್ವಕ್ಕೆ ಒಣಗಿ ಇಳಿಯುತ್ತದೆ. ನಮ್ಮ ಆಗುಂಬೆಗೂ ಚಿತ್ರದುರ್ಗಕ್ಕೂ ಇರುವ ವ್ಯತ್ಯಾಸವೇ ಇದು. ಪಶ್ಚಿಮದ ಬೆಟ್ಟಗಳ ನಡುವೆ ಒಳನುಗ್ಗಿದ ಕಡಲ ಕವಲು ಮಿಲ್ಫರ್ಡ್ ಸೌಂಡಿನಲ್ಲಿ ವರ್ಷಕ್ಕೆ ಆರೂವರೆ ಮೀಟರಿಗೂ ಹೆಚ್ಚು ಮಳೆ. ಅಲ್ಲಿಂದ ನೆಟ್ಟಗೆ ನೂರೈವತ್ತು ಕಿಲೋಮೀಟರ್ ಒಳಗೇ ಇರುವ ಅಲೆಕ್ಸಾಂಡ್ರಾದಲ್ಲಿ 400 ಮಿಲಿಮೀಟರ್ ಕೂಡ ಬೀಳುವುದಿಲ್ಲ. ಪಶ್ಚಿಮದಲ್ಲಿ ಮೋಡ ಕವಿದ ದಿನ ಪೂರ್ವದಲ್ಲಿ ಬಿಸಿಲಿರುವ ಸಾಧ್ಯತೆ ಹೆಚ್ಚು. ಹಾಗಾಗಿ ಪ್ರತಿ ಸಂಜೆ ಇಲ್ಲಿಯ ಹವಾಮಾನ ಸಂಸ್ಥೆ ಮೆಟ್‌ಸರ್ವಿಸ್‌ನ ಮುನ್ಸೂಚನೆ ನೋಡಿ ಮರುದಿನದ ಕೆಲಸವನ್ನು ಅದಲುಬದಲು ಮಾಡಿಕೊಳ್ಳಲು ಬರುವಂತಿರಬೇಕು. ಇಡೀ ಪ್ರವಾಸವನ್ನು ರದ್ದು ಮಾಡಲಾಗದ ಬುಕಿಂಗಿನಲ್ಲಿ ಕಟ್ಟಿಹಾಕಿಕೊಂಡವರು ಮಂಜಿನಲ್ಲಿ ಕಾರು ಓಡಿಸಿ ವಾಪಸಾಗುತ್ತಾರೆ.

ತಿಂಗಳು ಆರಿಸುವ ಅವಕಾಶವಿದ್ದರೆ ಮಾರ್ಚ್. ಹವೆ ಸ್ವಲ್ಪ ನೆಲೆನಿಂತಿರುತ್ತದೆ, ಬೇಸಿಗೆ ರಜೆಯ ಜನ ಕರಗಿರುತ್ತಾರೆ. ಕ್ರಿಸ್‌ಮಸ್‌ನಿಂದ ಜನವರಿ ಕೊನೆವರೆಗೆ ಇಲ್ಲಿಯವರದೇ ರಜಾಕಾಲ, ಸಣ್ಣ ಊರುಗಳಲ್ಲಿ ರೂಮು ಸಿಗುವುದು ಕಷ್ಟ. ಏಪ್ರಿಲ್ ಕೊನೆಯಲ್ಲಿ ಆರೋಟೌನ್ ಸುತ್ತಲಿನ ಮರಗಳು ಹಳದಿ ತಿರುಗುತ್ತವೆ. ಜೂನ್‌ನಿಂದ ಆಗಸ್ಟ್‌ವರೆಗೆ ಚಳಿಗಾಲ. ಹಿಮದ ರಸ್ತೆಯಲ್ಲಿ ಓಡಿಸಿ ಅಭ್ಯಾಸ ಇಲ್ಲದವರು ಆಗ ಬಸ್ಸನ್ನೇ ನಂಬುವುದು ಒಳ್ಳೆಯದು.

ಭಾರತದ ಪಾಸ್‌ಪೋರ್ಟಿನವರಿಗೆ ವಿಸಿಟರ್ ವೀಸಾ ಬೇಕು. ಅದರ ಜೊತೆಗೆ ಪ್ರಯಾಣಿಕರ ಘೋಷಣಾ ಪತ್ರವನ್ನು ಆನ್‌ಲೈನಿನಲ್ಲಿ ತುಂಬಬೇಕು. ಇದು ಪೂರ್ತಿ ಉಚಿತ, ದುಡ್ಡು ಕೇಳುವ ಜಾಲತಾಣ ಸಿಕ್ಕರೆ ಅದು ಸರ್ಕಾರದ್ದಲ್ಲ ಎಂದೇ ತಿಳಿಯಿರಿ. ಆ ಪತ್ರದಲ್ಲಿ ತಿಂಡಿತೀರ್ಥದ ಪ್ರಶ್ನೆ ಬಂದಾಗ ಕಣ್ಣುಮುಚ್ಚಿ ‘ಹೌದು’ ಎನ್ನಿ. ಚಟ್ನಿಪುಡಿ, ಹಪ್ಪಳ, ಉಪ್ಪಿನಕಾಯಿ, ಸಾರಿನಪುಡಿ, ವಿಮಾನದಲ್ಲಿ ಕೊಟ್ಟ ಸೇಬು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಹೇಳಿ ತಂದದ್ದಕ್ಕೆ ದಂಡವಿಲ್ಲ. ಬೇಡವಾದದ್ದನ್ನು ಎಸೆಯುತ್ತಾರೆ, ಅಷ್ಟೇ. ಹೇಳದೆ ತಂದರೆ ಅಲ್ಲೇ 400 ಡಾಲರ್. ತಾಜಾ ಹಣ್ಣು, ಹಸಿ ಕರಿಬೇವು, ಬಿತ್ತನೆ ಬೀಜ, ಜೇನುತುಪ್ಪ ತರಲೇಬೇಡಿ. ಹಾಲಿನ ಸಿಹಿತಿಂಡಿಯನ್ನೂ ಊರಲ್ಲೇ ಬಿಟ್ಟು ಬರುವುದು ಕ್ಷೇಮ. ತಿನ್ನುವ ಪದಾರ್ಥವನ್ನೆಲ್ಲ ಅಂಗಡಿಯ ಮೂಲ ಪ್ಯಾಕೆಟ್ಟಿನಲ್ಲೇ, ಒಂದೇ ಚೀಲದಲ್ಲಿ, ಮೇಲುಗಡೆ ಇಡಿ. ಹೆಸರು ಬರೆಯದ ಡಬ್ಬಿಯಲ್ಲಿ ಮನೆಯ ಪುಡಿ ತುಂಬಿ ತಂದರೆ ಅದೇನೆಂದು ವಿವರಿಸುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ. ನಡಿಗೆಯ ಬೂಟುಗಳ ತಳದ ಮಣ್ಣನ್ನು ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ ತೆಗೆದು ಒಣಗಿಸಿ ತನ್ನಿ. ಹೊರಗಿನ ಕೀಟ, ಬೀಜ, ಬೂಷ್ಟು ಒಳಬಂದರೆ ಈ ದೇಶದ ಕಾಡಿಗೂ ಕೃಷಿಗೂ ಆಗುವ ಹಾನಿ ದೊಡ್ಡದು, ಬಿಗಿ ಇರುವುದು ಅದಕ್ಕೇ.

ಕಾರು ಓಡಿಸುವುದು ಎಡಗಡೆ. ನಮ್ಮ ಡ್ರೈವಿಂಗ್ ಲೈಸೆನ್ಸ್ ಕಾರ್ಡಿನಲ್ಲಿ ವಿವರಗಳು ಇಂಗ್ಲಿಷಿನಲ್ಲಿ ಇರುವುದರಿಂದ ಅದೇ ಸಾಕು, ಆದರೆ ಮೂಲ ಕಾರ್ಡೇ ಕೈಯಲ್ಲಿರಬೇಕು. ಹೆದ್ದಾರಿಯ ಮಿತಿ ಸಾಮಾನ್ಯವಾಗಿ ಗಂಟೆಗೆ 100 ಕಿಲೋಮೀಟರ್, ಊರೊಳಗೆ 50. ಬೆಟ್ಟದ ತಿರುವುಗಳಲ್ಲಿ ಸರಾಸರಿ 65ರ ಮೇಲೆ ಲೆಕ್ಕ ಹಾಕಬೇಡಿ. ಮ್ಯಾಪ್ ತೋರಿಸುವ ಸಮಯಕ್ಕೆ ಕಾಲು ಭಾಗ ಸೇರಿಸಿಕೊಳ್ಳಿ. ಹಿಂದೆ ಮೂರ್ನಾಲ್ಕು ವಾಹನ ಸಾಲುಗಟ್ಟಿದರೆ ಜಾಗ ಸಿಕ್ಕಲ್ಲಿ ಪಕ್ಕಕ್ಕೆ ತೆಗೆದು ದಾರಿ ಬಿಡುವುದು ಇಲ್ಲಿಯ ರೂಢಿ. ನೋಟ ಚೆನ್ನಾಗಿದೆಯೆಂದು ರಸ್ತೆಯಲ್ಲೇ ಬ್ರೇಕ್ ಹಾಕಿ ಫೋಟೊ ತೆಗೆಯುವುದರಿಂದ ಅಪಘಾತಗಳಾಗುತ್ತವೆ.

ಹೊಸಬರು ತಬ್ಬಿಬ್ಬಾಗುವುದು ಒಂದೇ ವಾಹನ ಹೋಗುವಷ್ಟು ಅಗಲದ ಸೇತುವೆಗಳಲ್ಲಿ. ಪಶ್ಚಿಮ ತೀರದಲ್ಲಿ ಇವು ಹೆದ್ದಾರಿಯಲ್ಲೇ ಸಿಗುತ್ತವೆ. ಸೇತುವೆಗೆ ಮುಂಚೆ ಎರಡು ಬಾಣಗಳ ಫಲಕ ಇರುತ್ತದೆ. ಕೆಂಪು ಅಂಚಿನ ದುಂಡು ಫಲಕದಲ್ಲಿ ನಿಮ್ಮ ದಿಕ್ಕಿನ ಬಾಣ ಚಿಕ್ಕದಾಗಿ ಕೆಂಪಾಗಿದ್ದರೆ ಎದುರಿನವರಿಗೆ ದಾರಿ ಬಿಡಬೇಕು. ನೀಲಿ ಚೌಕ ಫಲಕದಲ್ಲಿ ನಿಮ್ಮ ಬಾಣ ದೊಡ್ಡದಾಗಿ ಬಿಳಿಯಾಗಿದ್ದರೆ ಮೊದಲ ಹಕ್ಕು ನಿಮ್ಮದು, ಆದರೂ ಎದುರಿನಿಂದ ಯಾರಾದರೂ ಆಗಲೇ ಸೇತುವೆ ಏರಿದ್ದರೆ ಕಾಯಲೇಬೇಕು. ಕಾರು ಬಾಡಿಗೆಗೆ ಪಡೆಯುವಾಗ ಇನ್ನೆರಡು ವಿಷಯ ಕೇಳಿ: ಗಾಜು ಮತ್ತು ಟೈರಿಗೆ ವಿಮೆ ಇದೆಯೇ, ಡೀಸೆಲ್ ಗಾಡಿಯಾದರೆ ಕಿಲೋಮೀಟರ್ ಲೆಕ್ಕದ ರಸ್ತೆ ತೆರಿಗೆ ಬಾಡಿಗೆಯಲ್ಲಿ ಸೇರಿದೆಯೇ. ಡೀಸೆಲ್ ಅಗ್ಗವೆಂದು ತೆಗೆದುಕೊಂಡವರಿಗೆ ಆ ತೆರಿಗೆ ಕೊನೆಯ ಬಿಲ್ಲಿನಲ್ಲಿ ಎದುರಾಗುತ್ತದೆ.

ಕ್ರೈಸ್ಟ್‌ಚರ್ಚಿನಿಂದ ಟೆಕಾಪೋಗೆ ಸುಮಾರು 225 ಕಿಲೋಮೀಟರ್, ಮೂರು ಗಂಟೆ ದಾರಿ. ಟೆಕಾಪೋ, ಪುಕಾಕಿ ಎರಡೂ ಸರೋವರಗಳ ಹಾಲು ಬೆರೆತಂಥ ನೀಲಿಗೆ ಕಾರಣ ಹಿಮನದಿ. ಅದು ಬಂಡೆಯನ್ನು ಹಿಟ್ಟಿನಷ್ಟು ನುಣ್ಣಗೆ ಅರೆದು ನೀರಿಗೆ ಬಿಡುತ್ತದೆ, ತಳಕ್ಕಿಳಿಯದೆ ತೇಲುವ ಆ ಕಣಗಳು ಬೆಳಕನ್ನು ಚದುರಿಸುತ್ತವೆ. ಹಾಗಾಗಿ ಬಣ್ಣ ಪೂರ್ತಿ ಏಳುವುದು ಬಿಸಿಲು ನೆತ್ತಿಯ ಮೇಲಿದ್ದಾಗ. ಬೆಳಗಿನ ಆರಕ್ಕೆ ಹೋಗಿ ನೋಡಿದರೆ ಬೂದು. ಈ ಪ್ರದೇಶ 2012ರಿಂದ ಅಂತರರಾಷ್ಟ್ರೀಯ ಕತ್ತಲೆ ಆಕಾಶದ ಮೀಸಲು ತಾಣ. ನಕ್ಷತ್ರಕ್ಕಾಗಿಯೇ ಬರುವವರು ಅಮಾವಾಸ್ಯೆಯ ಆಸುಪಾಸಿನ ರಾತ್ರಿ ಆರಿಸಿಕೊಳ್ಳಿ. ನಡುಬೇಸಿಗೆಯಲ್ಲಿ ಗಾಢ ಕತ್ತಲಾಗುವುದು ರಾತ್ರಿ ಹನ್ನೊಂದರ ಮೇಲೆ.

ಔರಾಕಿ ಮೌಂಟ್ ಕುಕ್ 3,724 ಮೀಟರ್ ಎತ್ತರ, ದೇಶದಲ್ಲೇ ಅತಿ ಎತ್ತರದ ಶಿಖರ. ಅದರ ತಪ್ಪಲಿನ ಹಳ್ಳಿಯಲ್ಲಿ ಎರಡು ರಾತ್ರಿ ಇರಿ, ಮೊದಲ ದಿನ ಮೋಡ ಮುಚ್ಚಿದರೆ ಎರಡನೆಯದು ಕೈಯಲ್ಲಿರುತ್ತದೆ. ಅಲ್ಲಿ ಸೂಪರ್‌ಮಾರ್ಕೆಟ್ ಇಲ್ಲ, ದಿನಸಿಯನ್ನು ಟ್ವೈಜಲ್‌ನಲ್ಲೇ ಕೊಂಡು, ಪೆಟ್ರೋಲನ್ನೂ ಅಲ್ಲೇ ತುಂಬಿಸಿ ಬನ್ನಿ. ಹೂಕರ್ ಕಣಿವೆಯ ನಡಿಗೆ ಹೋಗಿಬರಲು 10 ಕಿಲೋಮೀಟರ್, ಮೂರು ಗಂಟೆ. ಏರು ಕಡಿಮೆ, ಅರವತ್ತು ದಾಟಿದವರೂ ನಡೆಯಬಹುದು. ಪ್ರವಾಹ ಅಥವಾ ಗಾಳಿಯಿಂದಾಗಿ ತೂಗುಸೇತುವೆಗಳನ್ನು ಮುಚ್ಚುವುದುಂಟು. ಹೊರಡುವ ಮುನ್ನ ಸಂರಕ್ಷಣಾ ಇಲಾಖೆಯ, ಅಂದರೆ ಡಾಕ್‌ನ ಜಾಲತಾಣದಲ್ಲಿ ಆ ದಿನದ ಸೂಚನೆ ಓದಿ. ಕಣಿವೆ ಮುಚ್ಚಿದ್ದರೆ ಟಾಸ್ಮನ್ ಹಿಮನದಿಯ ಕಡೆ ಹೋಗಿ ಮೆಟ್ಟಿಲು ಹತ್ತಿ. ಅರ್ಧ ಗಂಟೆಯೊಳಗೆ ಮೇಲಿರುತ್ತೀರಿ, ಕೆಳಗಿನ ಬೂದು ಸರೋವರದಲ್ಲಿ ತೇಲುವ ಹಿಮಗಡ್ಡೆಗಳು ಕಾಣುತ್ತವೆ.

ಇನ್ನು ಮಿಲ್ಫರ್ಡ್, ದೋಣಿಯಲ್ಲಿ ಸುತ್ತಿ ನೋಡುವ ಜಾಗ. ಕ್ವೀನ್ಸ್‌ಟೌನಿನಿಂದ ಒಂದೇ ದಿನದಲ್ಲಿ ಹೋಗಿಬರುವುದು ತೀರಾ ಸಾಮಾನ್ಯ, ನಮ್ಮ ಮಟ್ಟಿಗೆ ಅದು ಈ ದ್ವೀಪದಲ್ಲಿ ಮಾಡಬಹುದಾದ ಅತಿ ಕೆಟ್ಟ ಯೋಜನೆ. ಒಂದು ದಿಕ್ಕಿಗೆ 290 ಕಿಲೋಮೀಟರ್, ನಿಲ್ಲದೆ ಓಡಿಸಿದರೂ ನಾಲ್ಕು ಗಂಟೆ. ಎಲ್ಲ ಬಸ್ಸುಗಳೂ ಮಧ್ಯಾಹ್ನವೇ ಮುಟ್ಟುತ್ತವೆ, ನೀವೂ ಆ ಗುಂಪಿನಲ್ಲೇ ಸಿಕ್ಕಿಕೊಳ್ಳುತ್ತೀರಿ. ಬದಲಿಗೆ ಟೆ ಅನೌನಲ್ಲಿ ಎರಡು ಅಥವಾ ಮೂರು ರಾತ್ರಿ ತಂಗಿ. ಅಲ್ಲಿಂದ ಮಿಲ್ಫರ್ಡ್ ಸುಮಾರು 120 ಕಿಲೋಮೀಟರ್. ಟ್ಯಾಂಕನ್ನು ಟೆ ಅನೌನಲ್ಲಿ ಪೂರ್ತಿ ತುಂಬಿಸಿ, ಮಿಲ್ಫರ್ಡಿನಲ್ಲಿ ಪೆಟ್ರೋಲ್ ನಂಬಿಕೊಳ್ಳುವಂತಿಲ್ಲ. ದಾರಿಯ ಬಹುಪಾಲು ಮೊಬೈಲ್ ಸಿಗ್ನಲ್ ಇರುವುದಿಲ್ಲ, ದೋಣಿಯ ಟಿಕೆಟ್ಟನ್ನೂ ಮ್ಯಾಪನ್ನೂ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ಮೇ ತಿಂಗಳಿಂದ ನವೆಂಬರ್‌ವರೆಗೆ ಟೈರಿನ ಹಿಮಸರಪಳಿ ಗಾಡಿಯಲ್ಲಿರಬೇಕು; ಅದನ್ನು ತೊಡಿಸುವ ಬಗೆಯನ್ನು ಬಾಡಿಗೆಗೆ ಕೊಡುವವರ ಹತ್ತಿರ ಒಮ್ಮೆ ಮಾಡಿಸಿ ನೋಡಿಕೊಳ್ಳಿ, ಹಿಮದಲ್ಲಿ ಮಂಡಿಯೂರಿ ಕಲಿಯುವ ವಿದ್ಯೆಯಲ್ಲ ಅದು.

ಬೆಳಗಿನ ಮೊದಲ ದೋಣಿ ಅಥವಾ ಮೂರು ಗಂಟೆಯ ನಂತರದ್ದು ಹಿಡಿಯಿರಿ. ಮೊದಲನೆಯದಕ್ಕೆ ಹೋಗುವುದಾದರೆ ದೋಣಿ ಹೊರಡುವ ಮೂರು ಗಂಟೆ ಮುಂಚೆ ಟೆ ಅನೌ ಬಿಡಬೇಕು. ಹೋಮರ್ ಸುರಂಗ 1954ರಲ್ಲಿ ತೆರೆದದ್ದು, 1.2 ಕಿಲೋಮೀಟರ್ ಉದ್ದ. ಮಿಲ್ಫರ್ಡ್ ಕಡೆಗೆ ಹತ್ತಕ್ಕೆ ಒಂದರಷ್ಟು ಇಳಿಜಾರು, ಒಳಗೆ ಬಂಡೆಯಿಂದ ನೀರು ತೊಟ್ಟಿಕ್ಕುತ್ತಿರುತ್ತದೆ. ಬೇಸಿಗೆಯಲ್ಲಿ ಸಿಗ್ನಲ್ ದೀಪ ಹಾಕಿ ಒಂದೊಂದು ದಿಕ್ಕಿಗೆ ಬಿಡುತ್ತಾರೆ, ಕಾಯುವುದು ಹದಿನೈದು–ಇಪ್ಪತ್ತು ನಿಮಿಷವಾದೀತು. ಹೆಡ್‌ಲೈಟ್ ಹಾಕಿ, ತಂಪು ಕನ್ನಡಕ ತೆಗೆದು, ಸಣ್ಣ ಗೇರಿನಲ್ಲಿ ಇಳಿಸಿ. ಹಿಮಕುಸಿತದ ಫಲಕವಿರುವ ಕಡೆ ನಿಲ್ಲಿಸಲೇಬೇಡಿ.

ಅಲ್ಲಿ ಮಳೆ ಬಂದರೆ ಬೇಸರ ಬೇಡ. ಒಣದಿನದಲ್ಲಿ ಬೋವೆನ್ ಮತ್ತು ಸ್ಟರ್ಲಿಂಗ್ ಎಂಬ ಎರಡೇ ದೊಡ್ಡ ಜಲಪಾತಗಳು ಉಳಿದಿರುತ್ತವೆ. ಮಳೆ ಹಿಡಿದು ಒಂದು ಗಂಟೆಯಾದರೆ ಕಡಿದಾದ ಬಂಡೆಯ ಗೋಡೆಗಳ ತುಂಬ ನೂರಾರು ಬಿಳಿಗೆರೆಗಳು ಇಳಿಯತೊಡಗುತ್ತವೆ. ಮಣ್ಣಿನ ಪದರ ತೆಳುವಾಗಿರುವುದರಿಂದ ನೀರು ಇಂಗುವುದಿಲ್ಲ, ಮಳೆ ನಿಂತ ಕೆಲವೇ ಗಂಟೆಗಳಲ್ಲಿ ಅವು ಮಾಯ. ಬಿಸಿಲೊಂದು ದಿನ, ಮಳೆಯೊಂದು ದಿನ ಎರಡನ್ನೂ ಕಂಡವರೇ ಮಿಲ್ಫರ್ಡ್ ಕಂಡವರು. ತಗ್ಗು ಮೋಡವಿದ್ದು ಮಳೆಯೂ ಬಾರದ ದಿನ ಮಾತ್ರ ಹೋಗಬೇಡಿ, ಏನೂ ಕಾಣದು.

ಮಿಲ್ಫರ್ಡ್ ಇರುವ ಫಿಯೋರ್ಡ್‌ಲ್ಯಾಂಡ್ ಪ್ರದೇಶ ಮತ್ತು ಪಶ್ಚಿಮ ತೀರದ ನಿಜವಾದ ಕಾಟ ಸ್ಯಾಂಡ್‌ಫ್ಲೈ, ಸಾಸಿವೆಗಿಂತ ತುಸು ದೊಡ್ಡ ಕಪ್ಪು ನೊಣ. ಕಚ್ಚಿದ ಜಾಗ ವಾರಗಟ್ಟಲೆ ತುರಿಸುತ್ತದೆ. ಬೆಳಗ್ಗೆ, ಸಂಜೆ, ಮಳೆಗೆ ಮುಂಚಿನ ಗಾಳಿಯಿಲ್ಲದ ಹೊತ್ತಿನಲ್ಲಿ ಹೆಚ್ಚು. ಗಾಳಿ ಬೀಸುವಾಗಲೂ ಕತ್ತಲಾದ ಮೇಲೂ ಕಡಿಮೆ. ನಡೆಯುತ್ತಿದ್ದರೆ ಅಷ್ಟಾಗಿ ಮುತ್ತುವುದಿಲ್ಲ, ನಿಂತರೆ ಬಿಡುವುದಿಲ್ಲ. ತಿಳಿಬಣ್ಣದ ಉದ್ದ ತೋಳಿನ ಅಂಗಿ, ಕಾಲುಚೀಲದೊಳಗೆ ಪ್ಯಾಂಟು, ಪಿಕಾರಿಡಿನ್ ಅಥವಾ ಡೀಟ್ ಇರುವ, ಕೀಟ ಓಡಿಸುವ ಲೇಪನ ಕಣಕಾಲಿಗೂ ಕುತ್ತಿಗೆಗೂ. ಸನ್‌ಸ್ಕ್ರೀನ್ ಮೊದಲು, ಇದು ಅದರ ಮೇಲೆ. ಸನ್‌ಸ್ಕ್ರೀನ್ 50ರದ್ದೇ ಆಗಲಿ. ತಂಪು ಗಾಳಿಯಲ್ಲಿ ಗೊತ್ತಾಗದಿದ್ದರೂ ಇಲ್ಲಿಯ ನೇರಳಾತೀತ ಕಿರಣ ಬಲು ತೀಕ್ಷ್ಣ, ನಮ್ಮ ಬಣ್ಣದ ಚರ್ಮವೂ ಸುಡುತ್ತದೆ.

ಊಟದ ಚಿಂತೆ ಅನೇಕರಿಗೆ ಇರುತ್ತದೆ. ಇಲ್ಲಿಯ ಮೋಟೆಲ್‌ಗಳಲ್ಲಿ ಒಲೆ, ಪಾತ್ರೆ, ಫ್ರಿಜ್ ಇರುವ ರೂಮು ಸುಲಭವಾಗಿ ಸಿಗುತ್ತದೆ. ಬುಕ್ ಮಾಡುವಾಗ ಅಡುಗೆಮನೆ ಇರುವುದನ್ನೇ ಆರಿಸಿ. ಅಕ್ಕಿ, ಬೇಳೆ, ತರಕಾರಿ, ಮೊಸರು ಎಲ್ಲ ಸೂಪರ್‌ಮಾರ್ಕೆಟ್ಟಿನಲ್ಲಿವೆ, ಸಾರಿನಪುಡಿ ನಿಮ್ಮ ಚೀಲದಲ್ಲಿದೆ. ಹಳ್ಳಿಕಡೆಯ ಹೋಟೆಲುಗಳು ರಾತ್ರಿ ಎಂಟರ ಹೊತ್ತಿಗೆ ಅಡುಗೆ ನಿಲ್ಲಿಸುತ್ತವೆ, ಆಮೇಲೆ ಬಂದರೆ ಆಲೂ ಚಿಪ್ಸ್ ಗತಿ. ಕರೆಂಟು 230 ವೋಲ್ಟ್, ಪ್ಲಗ್ಗಿನ ಪಿನ್ನುಗಳು ಓರೆಯಾದ ಪಟ್ಟಿಗಳು, ಅಡಾಪ್ಟರ್ ತನ್ನಿ. ನಲ್ಲಿ ನೀರನ್ನು ಹಾಗೇ ಕುಡಿಯಬಹುದು, ಹಳ್ಳದ ನೀರನ್ನು ಕುದಿಸಬೇಕು.

ವನಾಕಾದಿಂದ ಹಾಸ್ಟ್ ಮಾರ್ಗವಾಗಿ ಪಶ್ಚಿಮ ತೀರಕ್ಕೆ ಇಳಿದರೆ ಹಾಸ್ಟ್‌ನಿಂದ ಫಾಕ್ಸ್ ಗ್ಲೇಸಿಯರ್‌ವರೆಗೆ 120 ಕಿಲೋಮೀಟರ್ ಪೆಟ್ರೋಲ್ ಇಲ್ಲ. ಫಾಕ್ಸ್, ಫ್ರಾನ್ಸ್ ಜೋಸೆಫ್ ಎರಡೂ ಹಿಮನದಿಗಳು ಬಹಳ ಹಿಂದೆ ಸರಿದಿವೆ. ಹಿಮದ ಮೇಲೆ ಕಾಲಿಡಬೇಕೆಂದರೆ ಹೆಲಿಕಾಪ್ಟರೇ ಗತಿ, ಮೋಡ ಬಂದರೆ ಅದೂ ರದ್ದು. ಎರಡು ರಾತ್ರಿ ತಂಗಿ, ಹಾರಾಟವನ್ನು ಮೊದಲ ಬೆಳಗ್ಗೆಗೆ ಬುಕ್ ಮಾಡಿ. ತಪ್ಪಿದರೆ ಮರುದಿನಕ್ಕೆ ಹಾಕಿಸಿಕೊಳ್ಳಬಹುದು. ದುಡ್ಡು ಖರ್ಚು ಮಾಡದೆ ಸಿಗುವ ನೋಟ ಮ್ಯಾಥೆಸನ್ ಸರೋವರದ್ದು. ಕಾಡಿನ ತರಗೆಲೆಗಳಿಂದ ಇಳಿದ ಕಂದು ಬಣ್ಣಕ್ಕೆ ನೀರು ಕಪ್ಪಾಗಿದ್ದು, ಗಾಳಿ ಏಳುವ ಮುಂಚೆ ಔರಾಕಿ ಮತ್ತು ಟಾಸ್ಮನ್ ಶಿಖರಗಳು ತಲೆಕೆಳಗಾಗಿ ಮೂಡುತ್ತವೆ. ಸೂರ್ಯೋದಯದ ಹೊತ್ತಿಗೆ ಅಲ್ಲಿರಿ, ಸುತ್ತು ಬರಲು ಒಂದೂವರೆ ಗಂಟೆ. ಉತ್ತರಕ್ಕೆ ಪುನಕೈಕಿಯ ಪ್ಯಾನ್‌ಕೇಕ್ ಬಂಡೆಗಳಲ್ಲಿ ನೀರು ಚಿಮ್ಮುವುದು ಸಮುದ್ರದ ಭರತಕ್ಕೆ ಮಾತ್ರ. ಭರತದ ವೇಳಾಪಟ್ಟಿ ನೋಡದೆ ಹೋಗುವುದು ದಂಡ.

ದಿನಗಳು ಉಳಿದರೆ ಉತ್ತರದ ಏಬಲ್ ಟಾಸ್ಮನ್ ಕರಾವಳಿಗೆ ಹೋಗಿ. ಅಲ್ಲಿ ಇಳಿತದ ಲೆಕ್ಕ ಮುಖ್ಯ: ಅವಾರೋವಾ ಅಳಿವೆಯನ್ನು ನಡೆದು ದಾಟಲು ಸಾಧ್ಯವಿರುವುದು ಇಳಿತಕ್ಕೆ ಒಂದೂವರೆ ಗಂಟೆ ಮುಂಚಿನಿಂದ ಎರಡು ಗಂಟೆ ನಂತರದವರೆಗೆ ಮಾತ್ರ, ಸುತ್ತು ದಾರಿ ಇಲ್ಲ. ಪೂರ್ವ ಕರಾವಳಿಯ ಕೈಕೌರಾದಲ್ಲಿ ತೀರಕ್ಕೆ ಹತ್ತಿರವೇ ಸಮುದ್ರದಡಿಯ ಕಂದಕ ಸಾವಿರ ಮೀಟರಿಗೂ ಆಳ ಇಳಿಯುವುದರಿಂದ ಸ್ಪರ್ಮ್ ತಿಮಿಂಗಿಲಗಳು ವರ್ಷವಿಡೀ ಇರುತ್ತವೆ. ವಾಂತಿಯ ಮಾತ್ರೆಯನ್ನು ದೋಣಿ ಹತ್ತುವ ಅರ್ಧ ಗಂಟೆ ಮುಂಚೆ ನುಂಗಿ, ಅಲೆ ಶುರುವಾದ ಮೇಲೆ ನುಂಗಿ ಪ್ರಯೋಜನವಿಲ್ಲ.

ಪಶ್ಚಿಮ ತೀರದಿಂದ ಕ್ರೈಸ್ಟ್‌ಚರ್ಚಿಗೆ ಮರಳುವ ದಾರಿ ಆರ್ಥರ್ಸ್ ಪಾಸ್ ಮೇಲೆ, 920 ಮೀಟರ್ ಎತ್ತರ. ಅಲ್ಲಿ ಕಾರು ನಿಲ್ಲಿಸಿದ ಕೂಡಲೇ ಕೀ ಎಂಬ ಬೆಟ್ಟದ ಗಿಳಿಗಳು ಬರುತ್ತವೆ. ಕಿಟಕಿಯ ಸುತ್ತಿನ ರಬ್ಬರ್ ಪಟ್ಟಿ, ವೈಪರ್ ಬ್ಲೇಡು, ಹೊರಗಿಟ್ಟ ಬೂಟು, ಎಲ್ಲವನ್ನೂ ಕೊಕ್ಕಿನಿಂದ ಕಿತ್ತು ಹಾಕುತ್ತವೆ. ಅವುಗಳಿಗೆ ತಿಂಡಿ ಹಾಕಬೇಡಿ. ಅಳಿವಿನಂಚಿನ ಈ ಹಕ್ಕಿ ಜನರ ತಿಂಡಿಗೆ ಒಗ್ಗಿ ರಸ್ತೆಗೆ ಬಂದಷ್ಟೂ ಗಾಡಿಗೆ ಸಿಕ್ಕಿ ಸಾಯುತ್ತದೆ. ಈ ಘಾಟಿ ಹಿಮ ಅಥವಾ ಕುಸಿತದಿಂದ ಒಮ್ಮೊಮ್ಮೆ ಮುಚ್ಚಿಬಿಡುತ್ತದೆ, ಉತ್ತರದ ಲೂಯಿಸ್ ಪಾಸ್ ಸುತ್ತಿ ಬರಬೇಕಾದರೆ ಹಲವು ಗಂಟೆ ಹೆಚ್ಚು ಬೇಕು. ವಿಮಾನದ ಹಿಂದಿನ ರಾತ್ರಿಯ ರೂಮನ್ನು ಕ್ರೈಸ್ಟ್‌ಚರ್ಚಿನಲ್ಲೇ ಹಿಡಿಯಿರಿ.