ಅರ್ಧ ಕಿಲೋ ಕುಂದಾ

ನಮ್ಮ ಕಮಿಷನ್ ಎಲ್ಲಿ ಸೋರಿಹೋಗ್ತಿದೆ ಅಂತ ನನಗೆ ತಿಳಿದದ್ದು ಬೆಳಗಾವಿ ಉದ್ಯಮಬಾಗದ ಒಂದು ಫೌಂಡ್ರಿ ಆಫೀಸಿನಲ್ಲಿ, ಚಹಾ ಕುಡಿಯುವಾಗ.

ಅದಕ್ಕೆ ಎಂಟು ತಿಂಗಳ ಮುಂಚೆ ನಾನೂ ಗೆಳೆಯನೂ ಟಿಳಕವಾಡಿಯ ಬಾಡಿಗೆ ರೂಮಿನಲ್ಲಿ ಕೂತು ವೆಬ್‌ಸೈಟ್ ಮಾಡಿದ್ದೆವು. ಫ್ರೀಲಾನ್ಸ್ ಸಾಫ್ಟ್‌ವೇರ್ ಹುಡುಗರು ಒಂದು ಕಡೆ, ಕೆಲಸ ಮಾಡಿಸುವ ಕಾರ್ಖಾನೆ, ಅಂಗಡಿಗಳು ಇನ್ನೊಂದು ಕಡೆ, ನಡುವೆ ನಾವು. ಇಂಥದ್ದೇ ದೊಡ್ಡ ವೆಬ್‌ಸೈಟ್ ಅಪ್‌ವರ್ಕ್ 2023ರಲ್ಲಿ ಎಲ್ಲ ಫ್ರೀಲಾನ್ಸರ್‌ಗಳಿಗೂ ಕಮಿಷನ್ ಶೇ 10 ಮಾಡಿತ್ತು, ನಾವೂ ಅಷ್ಟೇ ಇಟ್ಟೆವು.

ಹುಡುಗರು ಸಿಗೋದು ಕಷ್ಟ ಆಗಲಿಲ್ಲ. ವಿಟಿಯು ಇರುವ ಊರು, ಅಲ್ವಾ? ಮೊದಲ ತಿಂಗಳೇ 140 ಜನ ಹೆಸರು ಹಚ್ಚಿದರು. ಕೆಲಸ ಕೊಡುವವರು ಮೂರೇ ಜನ, ಅದರಲ್ಲಿ ಒಬ್ಬರು ನನ್ನ ಸೋದರಮಾವ. ಕೆಲಸವೇ ಇಲ್ಲ ಅಂತ ಹುಡುಗರು ಲಾಗಿನ್ ಆಗೋದು ಬಿಟ್ಟರು, ಹುಡುಗರು ಉತ್ತರವೇ ಕೊಡಲ್ಲ ಅಂತ ಉಳಿದಿಬ್ಬರು ಬಿಟ್ಟರು.

ಕೊನೆಗೆ ನಾನೇ ಬೈಕ್ ಹತ್ತಿ ಉದ್ಯಮಬಾಗ ಸುತ್ತಿದೆ. ಆ ಫೌಂಡ್ರಿ ಸಾಹುಕಾರರಿಗೆ ಯಾವ ಮಾಲು ಯಾವ ಗಾಡಿಯಲ್ಲಿ ಹೋಯಿತು ಅಂತ ಫೋನಿನಲ್ಲಿ ಕಾಣಬೇಕಿತ್ತು. ಗೋಕಾಕದ ಒಬ್ಬ ಹುಡುಗನ ಪ್ರೊಫೈಲ್ ತೋರಿಸಿದೆ. ಐದು ಸ್ಟಾರ್. ಅವರು ಕನ್ನಡಕ ಮೇಲೆ ಸರಿಸಿ, ಫೋನ್ ದೂರ ಹಿಡಿದು ನೋಡಿ, "ಅದೆಲ್ಲ ಇರ್ಲಿ, ಯಾರ ಪೈಕಿ ಹುಡುಗ ಇಂವ? ರೊಕ್ಕಾ ತಗೊಂಡು ಓಡಿಹೋದ್ರ ಯಾರನ್ನ ಹಿಡೀಲಿ?" ಅಂದರು. ನನ್ನನ್ನೇ ಹಿಡೀರಿ ಅಂದೆ. ಸ್ಟಾರ್ ಕೊಟ್ಟಿದ್ದು ನನ್ನ ಸೋದರಮಾವ ಅಂತ ಮಾತ್ರ ಹೇಳಲಿಲ್ಲ.

28,000 ರೂಪಾಯಿ ಕೆಲಸ. ನಮಗೆ 2,800, ಅದರ ಮೇಲೆ ಶೇ 18 ಜಿಎಸ್‌ಟಿ. ಇಬ್ಬರ ನಡುವಿನ ದುಡ್ಡನ್ನು ನಮ್ಮ ಖಾತೆಯಲ್ಲಿ ಸುಮ್ನೆ ಇಟ್ಟುಕೊಳ್ಳುವ ಹಾಗಿಲ್ಲ, ರಿಸರ್ವ್ ಬ್ಯಾಂಕ್ ನಿಯಮದಿಂದಾಗಿ ಪೇಮೆಂಟ್ ಕಂಪನಿಯ ಮೂಲಕವೇ ಹೋಗಬೇಕು, ಅವರ ಕಾಗದಪತ್ರ, ಪರಿಶೀಲನೆ ಎಲ್ಲ ಮುಗಿದು ಹುಡುಗನ ಕೈಗೆ ದುಡ್ಡು ಸೇರುವಷ್ಟರಲ್ಲಿ ಒಂಬತ್ತು ದಿನ ಆಗಿತ್ತು. ಬೈಲಹೊಂಗಲದಲ್ಲಿ ರೈತರ ಮಾಲು ಮಾರಿಸಿಕೊಡುವ ಅಡತಿ ಅಂಗಡಿ ಇಟ್ಟಿರುವ ನಮ್ಮ ಕಾಕಾ ಇದನ್ನು ಕೇಳಿ ನಕ್ಕಿದ್ದೇ ನಕ್ಕಿದ್ದು. "ಮುಂಜಾನೆ ಮಾಲು ತಂದ ರೈತಗ ಸಂಜೀಕ ರೊಕ್ಕಾ ಎಣಿಸಿ ಕೊಡ್ತೀನೋ ತಮ್ಮಾ. ಬಿತ್ತಾಕ ಉದ್ರಿನೂ ಕೊಡ್ತೀನಿ. ಅದಕ್ಕ ತಿರುಗಿ ಬರ್ತಾನ. ನೀ ಏನ್ ಕೊಡ್ತಿ?"

ಎರಡನೇ ಕೆಲಸ ಕೇಳೋಣ ಅಂತ ತಿಂಗಳ ಮೇಲೆ ಫೌಂಡ್ರಿಗೆ ಹೋದೆ. ಒಳಗಿನ ಟೇಬಲ್ ಮೇಲೆ ಲ್ಯಾಪ್‌ಟಾಪ್, ಪಕ್ಕದಲ್ಲಿ ಅರ್ಧ ಕುಡಿದ ಚಹಾ, ಎದುರಿಗೆ ನಮ್ಮ ಗೋಕಾಕದ ಹುಡುಗ. ನನ್ನನ್ನು ನೋಡಿ ದಡಕ್ಕನೆ ಎದ್ದು ನಿಂತ. ಸಾಹುಕಾರರಿಗೆ ಮಾತ್ರ ಒಂಚೂರೂ ಮುಜುಗರ ಇಲ್ಲ.

"ಬರ್ರಿ ಬರ್ರಿ! ಭಾಳ ಚಲೋ ಹುಡುಗನ್ನ ಕೊಟ್ರಿ. ತಿಂಗಳಿಗೆ ಇಷ್ಟಂತ ಮಾತಾಡಿ ಇಟ್ಕೊಂಡೀವಿ."

ಸಿಟ್ಟು ಮಾಡಬೇಕು ಅಂದುಕೊಂಡೆ, ಬರಲಿಲ್ಲ. ಒಮ್ಮೆ ಪರಿಚಯ ಆದಮೇಲೆ ಅವರಿಬ್ಬರಿಗೂ ನನ್ನಿಂದ ಆಗಬೇಕಾದ್ದು ಏನೂ ಉಳಿದಿರಲಿಲ್ಲ. ಹೊರಡುವಾಗ ಸಾಹುಕಾರರು ಅರ್ಧ ಕಿಲೋ ಕುಂದಾ ಕೈಗಿಟ್ಟರು. ಮದುವೆ ಕುದುರಿಸಿದವರಿಗೆ ಕೊಡ್ತಾರಲ್ಲ, ಹಾಗೆ.

ರಾತ್ರಿ ಹುಡುಗನ ಮೆಸೇಜ್ ಬಂತು: "ಸರ್, ತಪ್ಪು ತಿಳ್ಕೋಬ್ಯಾಡ್ರಿ. ನನ್ ಪ್ರೊಫೈಲ್ ಡಿಲೀಟ್ ಮಾಡ್ಲಿ?"

ಬ್ಯಾಡ, ಇರ್ಲಿ ಅಂತ ಬರೆದೆ. ನಿಜವಾಗಿ ಕೆಲಸ ಮುಗಿಸಿದ ಪ್ರೊಫೈಲ್ ಇದ್ದದ್ದು ಅದೊಂದೇ.