ಖಾರಪುಡಿ ಸರಿ ಇತ್ತು, ಪೌಚ್ ಮೇಲೆ ಒಂದು ಸಾಲು ಇರ್ಲಿಲ್ಲ

ಹಾವೇರಿ ಕಡೆ ಒಂದು ಮಸಾಲೆ ಯುನಿಟ್‌ನಲ್ಲಿ ಕ್ವಾಲಿಟಿ ನೋಡ್ಕೊಳ್ಳೋ ಕೆಲಸ ನಂದು. ಮೆಣಸಿನಕಾಯಿ ಹೆಚ್ಚಾಗಿ ಬ್ಯಾಡಗಿ ಮಾರ್ಕೆಟ್‌ನಿಂದ್ಲೇ ಬರುತ್ತೆ. ಹೊಸದಾಗಿ ಯುನಿಟ್ ಹಾಕೋರು ಫೋನ್ ಮಾಡಿದ್ರೆ ಕೇಳೋದು ಬಹುತೇಕ ಒಂದೇ, ಫುಡ್ ಇನ್‌ಸ್ಪೆಕ್ಟರ್ ಬಂದ್ರೆ ಏನ್ ಮಾಡೋದು ಅಂತ (ಆ ಹುದ್ದೆಗೆ ಈಗ ಆಹಾರ ಸುರಕ್ಷತಾ ಅಧಿಕಾರಿ ಅಂತ ಹೆಸರು, ನಮ್ಮ ಕಡೆ ಇನ್ನೂ ಹಳೇ ಹೆಸರೇ ನಡೀತಿದೆ). ಅವ್ರು ಬರೋ ವಿಷಯ ಆಮೇಲೆ ನೋಡೋಣ, ಮೊದ್ಲು ಪೌಚ್ ಮೇಲೆ ಏನ್ ಬರ್ದಿದೀರಿ, ಒಳಗೆ ಏನ್ ತುಂಬಿದೀರಿ, ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ ಅಂತೀನಿ ನಾನು.

ಸಣ್ಣ ಯುನಿಟ್‌ನೋರು ಪುಡಿಗೆ ಜೀವ ತೇಯ್ತಾರೆ. ಕಾಯಿ ಆರಿಸೋದು, ತೊಟ್ಟು ಬಿಡಿಸೋದು, ಒಣಗಿಸೋದು ಎಲ್ಲಾ ತಾವೇ ನಿಂತು ಮಾಡಿಸ್ತಾರೆ, ಲೇಬಲ್ ಮಾತ್ರ ಪ್ರಿಂಟಿಂಗ್‌ನೋರಿಗೆ ಬಿಟ್ಟುಬಿಡ್ತಾರೆ. ಅವ್ರು ಇನ್ಯಾರಿಗೋ ಮಾಡಿಕೊಟ್ಟಿದ್ದ ಡಿಸೈನ್ ತೆಗೆದು ಹೆಸ್ರು, ಫೋನ್ ನಂಬರ್ ಬದಲಾಯಿಸಿ ಕೊಡ್ತಾರೆ. ಸಾಂಬಾರ್ ಪುಡಿಯ ಪೋಷಕಾಂಶದ ಪಟ್ಟಿ ಖಾರಪುಡಿ ಪೌಚ್ ಮೇಲೆ ಕೂತಿರೋದನ್ನ ನಾನೇ ನೋಡಿದೀನಿ.

ನಮಗೆ ಪರಿಚಯ ಇರೋ ಒಂದು ಯುನಿಟ್‌ದು ಕೇಳಿ. ಖಾರ ಕುಟ್ಟೋವಾಗ ಘಾಟು ಏಳಬಾರ್ದು, ಪುಡಿ ಸ್ವಲ್ಪ ಮಿಂಚಬೇಕು ಅಂತ ಎಣ್ಣೆ ಹಾಕೋ ರೂಢಿ ಇದೆ. ನಿಯಮದಲ್ಲಿ ಅದಕ್ಕೆ ಅವಕಾಶನೂ ಇದೆ, ತೂಕದ 2% ವರೆಗೆ ಖಾದ್ಯ ಎಣ್ಣೆ ಹಾಕಬಹುದು, ಆದ್ರೆ ಯಾವ ಎಣ್ಣೆ, ಎಷ್ಟು ಅಂತ ಲೇಬಲ್ ಮೇಲೆ ಹೇಳಬೇಕು. ಇವ್ರು ಹಾಕಿದ್ದು ಮಿತಿಯೊಳಗೇ ಇತ್ತು. ತೇವಾಂಶ 11% ಮೀರಬಾರ್ದು, ಅದೂ ಮೀರಿರ್ಲಿಲ್ಲ, ಬೂದಿ (ಪುಡಿ ಪೂರ್ತಿ ಸುಟ್ಟಾಗ ಉಳಿಯೋದು) 8% ಒಳಗಿತ್ತು, ಬಣ್ಣ ಬೆರೆಸಿರ್ಲಿಲ್ಲ. ಪೌಚ್ ಮೇಲೆ ಮಾತ್ರ ಎಣ್ಣೆ ಸುದ್ದಿನೇ ಇಲ್ಲ, ಅಧಿಕಾರಿ ತಗೊಂಡು ಹೋದ ಸ್ಯಾಂಪಲ್‌ನ ಲ್ಯಾಬ್ ರಿಪೋರ್ಟ್ ಮಿಸ್‌ಬ್ರಾಂಡೆಡ್, ಅಂದ್ರೆ ಲೇಬಲ್ ಸರಿ ಇಲ್ಲ, ಅಂತ ಬಂತು. "ಏನ್ರೀ ಸರ್ ಇದು, ಹಾಕಿದ್ರ ತಪ್ಪಲ್ಲ, ಬರೀದಿದ್ರ ತಪ್ಪ?" ಅಂತ ಫೋನಲ್ಲಿ ಅವ್ರು ಕೂಗಾಡಿದ್ರು.

ಹೌದು, ತಪ್ಪೇ. ಕೊಳ್ಳೋರು ಖಾರಪುಡಿ ರೇಟು ಕೊಟ್ಟು ಅದ್ರಲ್ಲಿ ಎಣ್ಣೆ ತೂಕನೂ ಕೊಂಡಿರ್ತಾರೆ, ಎಣ್ಣೆ ಇದ್ರೆ ಪುಡಿ ಬೇಗ ಕಮಟು ಹಿಡಿಯುತ್ತೆ, ವರ್ಷಕ್ಕಾಗೋಷ್ಟು ಡಬ್ಬಿಲಿ ತುಂಬಿಟ್ಕೊಳ್ಳೋ ಮನೆಯೋರಿಗೆ ಅದು ಗೊತ್ತಿರ್ಬೇಕಲ್ವಾ? ಪುಡಿ ನೋಡಿ ಎಣ್ಣೆ ಎಷ್ಟಿದೆ ಅಂತ ಹೇಳೋಕೆ ಅವ್ರಿಗೆ ಲ್ಯಾಬ್ ಇಲ್ಲ, ಇರೋದು ಪೌಚ್ ಮೇಲಿನ ಅಕ್ಷರ ಮಾತ್ರ. 2006ರ ಆಹಾರ ಸುರಕ್ಷತಾ ಕಾಯ್ದೆ ಮಿಸ್‌ಬ್ರಾಂಡಿಂಗ್‌ಗೆ 3 ಲಕ್ಷದವರೆಗೆ ದಂಡ ಇಟ್ಟಿರೋದು ಸುಮ್ನೆ ಅಲ್ಲ. ಸಬ್‌ಸ್ಟ್ಯಾಂಡರ್ಡ್, ಅಂದ್ರೆ ಪುಡಿನೇ ನಿಗದಿ ಮಾಡಿದ ಗುಣಮಟ್ಟಕ್ಕಿಂತ ಕೆಳಗೆ, ಆದ್ರೆ 5 ಲಕ್ಷದವರೆಗೆ. ಈ ಎರಡೂ ಎಡಿಸಿ (ಅಪರ ಜಿಲ್ಲಾಧಿಕಾರಿ) ಮುಂದೆ ತೀರ್ಮಾನ ಆಗ್ತವೆ. ಅನ್‌ಸೇಫ್, ಅಂದ್ರೆ ತಿಂದ್ರೆ ಆರೋಗ್ಯಕ್ಕೆ ಅಪಾಯ, ಅಂತ ಬಂದ್ರೆ ಮಾತೇ ಬೇರೆ, ಅಲ್ಲಿ ಜೈಲಿದೆ.

ಖಾರಪುಡಿಲಿ ಆ ಮೂರನೇದು ಬಣ್ಣದಿಂದಲೂ ಬರುತ್ತೆ. 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಯ 171 ಸ್ಯಾಂಪಲ್‌ನಲ್ಲಿ 107ರಲ್ಲಿ, ಕಾಟನ್ ಕ್ಯಾಂಡಿಲೂ ಅಸುರಕ್ಷಿತ ಬಣ್ಣ ಸಿಕ್ಕಿ ಸರ್ಕಾರ ರೋಡಮೈನ್-ಬಿ ಅನ್ನೋ ಕೃತಕ ಬಣ್ಣ ಬಳಸಬಾರ್ದು ಅಂತ ಆದೇಶ ಮಾಡ್ತಲ್ಲ, ಅವಾಗಿಂದ ಅಂಗಡಿಯೋರೂ ನಮ್ಮನ್ನ ಕೇಳೋಕೆ ಶುರು ಮಾಡಿದ್ರು, ನಿಮ್ಮ ಖಾರದಲ್ಲಿ ಕಲರ್ ಇಲ್ಲ ತಾನೇ ಅಂತ. ಒಳ್ಳೇದೇ ಆಯ್ತು. ಬ್ಯಾಡಗಿ ಕಾಯಿಗೆ ಬೆಲೆ ಬರೋದೇ ಅದರ ಕೆಂಪಿಗೆ, ಕೋಲ್ಡ್ ಸ್ಟೋರೇಜ್‌ನಲ್ಲಿ ಹಳೇದಾದ ಕಾಯಿಗೆ ಆ ಕೆಂಪು ಉಳಿಯಲ್ಲ, ಅಂಥ ಕಾಯಿನ ಕಡಿಮೆ ರೇಟಿಗೆ ಹಿಡಿದು ಸುಡಾನ್‌ನಂಥ ಕಾರ್ಖಾನೆ ಬಣ್ಣ ಬೆರೆಸಿ ಮಾರೋರು ಜನರ ಆರೋಗ್ಯದ ಜೊತೆ ಇಡೀ ಬ್ಯಾಡಗಿ ಹೆಸರನ್ನೂ ಹಾಳು ಮಾಡ್ತಾರೆ. ಅಂಥೋರ ಮೇಲೆ ಕೇಸ್ ಬಿದ್ರೆ ನನಗೆ ಒಂಚೂರೂ ಬೇಜಾರಿಲ್ಲ.

ಇನ್ನು ಸ್ಯಾಂಪಲ್ ತೆಗೆಯೋ ದಿನದ ವಿಷಯ. ಅಧಿಕಾರಿ ಬಂದ್ರು ಅಂದ್ರೆ ಕೆಲವರು ಬಾಗಿಲು ಹಾಕ್ತಾರೆ, ಕೆಲವರು ಟೀ ತರಿಸೋಕೆ ಓಡಾಡ್ತಾರೆ, ಎರಡೂ ಬೇಡ, ಪಕ್ಕದಲ್ಲೇ ನಿಂತು ನೋಡಿ. ಮೊದ್ಲು ನೋಟಿಸ್ ಕೊಡ್ತಾರೆ, ಪುಡಿಗೆ ದುಡ್ಡು ಕೊಡ್ತಾರೆ, ಸಾಕ್ಷಿ ಇರ್ಬೇಕು. ಸ್ಯಾಂಪಲ್‌ನ ನಾಲ್ಕು ಭಾಗ ಮಾಡಿ ಒಂದೊಂದನ್ನೂ ದಪ್ಪ ಕಾಗದದಲ್ಲಿ ಸುತ್ತಿ, ಅಂಕಿತಾಧಿಕಾರಿ (ಆಹಾರ ಸುರಕ್ಷತಾ ಅಧಿಕಾರಿಗೆ ಮೇಲಧಿಕಾರಿ) ಸಹಿ ಇರೋ ಚೀಟಿ ಅಂಟಿಸಿ, ದಾರ ಕಟ್ಟಿ ಅರಗಿನ ಸೀಲ್ ಒತ್ತುತಾರೆ. ನಿಮ್ಮ ಸಹಿ ಅರ್ಧ ಚೀಟಿ ಮೇಲೆ, ಅರ್ಧ ಸುತ್ತಿದ ಕಾಗದದ ಮೇಲೆ ಬೀಳೋ ಹಾಗೆ ಹಾಕಬೇಕು. ಚೀಟಿ ಯಾರಾದ್ರೂ ಕಿತ್ರೆ ಆ ಸಹಿನೇ ಹೇಳುತ್ತೆ, ಅದು ನಿಮ್ಮ ರಕ್ಷಣೆಗೇ ಇರೋದು, ಹಾಗಾಗಿ ಅವಸರದಲ್ಲಿ ಎಲ್ಲೋ ಮೂಲೆಲಿ ಗೀಚಬೇಡಿ.

ಒಂದು ಭಾಗ ಸರ್ಕಾರಿ ಆಹಾರ ವಿಶ್ಲೇಷಕರಿಗೆ, ಎರಡು ಅಂಕಿತಾಧಿಕಾರಿ ಹತ್ರ ಇರ್ತವೆ. ನಾಲ್ಕನೇದರ ಬಗ್ಗೆ ನಮ್ಮೋರಿಗೆ ಗೊತ್ತೇ ಇರಲ್ಲ. ಅದನ್ನ ಮಾನ್ಯತೆ ಇರೋ ಲ್ಯಾಬ್‌ಗೆ ಕಳ್ಸಿ ಅಂತ ನೀವು ಅವತ್ತೇ ಲಿಖಿತವಾಗಿ ಕೇಳಬಹುದು, ಖರ್ಚು ನಿಮ್ದು. ಎರಡು ರಿಪೋರ್ಟ್ ಒಂದಕ್ಕೊಂದು ತಾಳೆ ಆಗ್ಲಿಲ್ಲ ಅಂದ್ರೆ ಅಂಕಿತಾಧಿಕಾರಿ ಹತ್ರ ಇರೋದ್ರಲ್ಲಿ ಒಂದು ಭಾಗ ರೆಫರಲ್ ಲ್ಯಾಬ್‌ಗೆ ಹೋಗುತ್ತೆ, ಅವ್ರು ಹೇಳಿದ್ದೇ ಕೊನೆ. ಮೈಸೂರಿನ ಸಿಎಫ್‌ಟಿಆರ್‌ಐ (ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ಅಂಥದ್ದೊಂದು ಲ್ಯಾಬ್.

ಎಣ್ಣೆ ಕೇಸಿನೋರು ಎಡಿಸಿ ಮುಂದೆ ಹೋಗಿ ದಂಡ ಕಟ್ಟಿ, ಉಳಿದ ಪೌಚ್ ರೋಲ್ ಪಕ್ಕಕ್ಕಿಟ್ಟು ಹೊಸದು ಮಾಡಿಸಿದ್ರು. ಎಣ್ಣೆ ಹೆಸರೂ ಪ್ರಮಾಣನೂ ಈಗ ಅದ್ರ ಮೇಲಿದೆ. ನಮ್ಮಲ್ಲಂತೂ ಅಳತೆ ಬರೆಯೋ ಪುಸ್ತಕ ಮತ್ತು ಲೇಬಲ್ ಪ್ರಿಂಟು ಒಂದೇ ಫೈಲ್‌ನಲ್ಲಿರ್ತವೆ, ಒಂದು ಬದಲಾದ್ರೆ ಇನ್ನೊಂದನ್ನ ತಿದ್ದದೆ ಬ್ಯಾಚ್ ಶುರು ಮಾಡಂಗಿಲ್ಲ ಅಂತ ಮಾಲೀಕರೂ ಒಪ್ಪಿದಾರೆ. ಇಷ್ಟಾಗಿಯೂ ನಿಮ್ಮ ಪುಡಿ ವಿರುದ್ಧ ರಿಪೋರ್ಟ್ ಬಂತು ಅನ್ಕೊಳ್ಳಿ, ಅದು ಕೈಗೆ ಸಿಕ್ಕಿದ ದಿನಾಂಕನ ಲಕೋಟೆ ಮೇಲೇ ಬರ್ದಿಟ್ಕೊಳ್ಳಿ, ಅಂಕಿತಾಧಿಕಾರಿಗೆ ಮೇಲ್ಮನವಿ ಹಾಕೋಕೆ ಇರೋ 30 ದಿನ ಎಣಿಸೋದು ಅಲ್ಲಿಂದ.